ಇವತ್ತಿಂದು ಕೂಡಿಸಿದ್ರ ಐದು

ಇಂಡಿ ಪಟ್ಟಣದ ಆ ಕೋಚಿಂಗ್ ಕ್ಲಾಸಿನ ಗೇಟಿನ ಮುಂದೆ ರೇಣುಕಾ ಒಂಬತ್ತಕ್ಕೇ ಬಂದು ನಿಂತಿದ್ದಳು. ಈಗ ಹನ್ನೆರಡಾಗುತ್ತ ಬಂದಿತ್ತು. ನವೋದಯ ಪರೀಕ್ಷೆಗೆ ತಯಾರು ಮಾಡುವ ವಸತಿ ಕ್ಲಾಸು ಅದು. ಮಗಳು ಸಾಕ್ಷಿ, ಹತ್ತು ವರ್ಷದವಳು, ಜೂನ್‌ನಲ್ಲಿ ಟ್ರಂಕು, ತಾಟು, ಚಾಪೆ ಹೊತ್ತು ಒಳಗೆ ಹೋದವಳು. ಪಾಲಕರ ಭೇಟಿ ತಿಂಗಳಿಗೊಂದು ಭಾನುವಾರ. ಒಳಗೆ ಕರೆಯುವುದು ಬಂದ ಸರದಿಯಲ್ಲಿ ಅಲ್ಲ, ಶನಿವಾರದ ಟೆಸ್ಟಿನಲ್ಲಿ ಮಕ್ಕಳಿಗೆ ಬಂದ ರ‍್ಯಾಂಕಿನ ಸರದಿಯಲ್ಲಿ. ಒಂದನೇ ರ‍್ಯಾಂಕಿನ ತಾಯಿ ಒಂಬತ್ತಕ್ಕೇ ಒಳಗೆ ಹೋಗಿ ಹತ್ತಕ್ಕೆ ಬಸ್ಸು ಹತ್ತಿಬಿಟ್ಟಿದ್ದಳು. ಸಾಕ್ಷಿಯದು ನಲವತ್ತೊಂದನೆಯದು. ಒಟ್ಟು ಮಕ್ಕಳು ನಲವತ್ಮೂರು.

ಗೋಡೆಯ ನೆರಳು ಹನ್ನೊಂದಕ್ಕೇ ಸರಿದು ಹೋಗಿತ್ತು. ಅಕ್ಟೋಬರಿನ ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಹಲಸಂಗಿಯಿಂದ ಕಟ್ಟಿಕೊಂಡು ಬಂದ ಶೇಂಗಾ ಹೋಳಿಗೆಯ ಗಂಟು ಕಂಕುಳಲ್ಲಿ ಬೆವೆತಿತ್ತು.

"ಅಕ್ಕಾರ, ನಾವಿಬ್ಬರೂ ಇಲ್ಲಿ ಪರ್ಮನೆಂಟ್ ನೋಡ್ರಿ," ಎಂದ ಆಟೋ ಓಡಿಸುವ ಜುಲ್ಫಿಕರ. ಅವನ ಮಗಳು ನಿಷತ ನಲವತ್ತೆರಡನೆಯವಳು. "ಮುಂದಿನ ತಿಂಗಳ ಒಂದು ಹಗ್ಗದ ಬಾಜ ತಂದು ಹಾಕಿಬಿಡತೇನಿ. ನೀವೂ ಕುಂದರ್ರಿ."

"ನಿಮಗ ನಗಿ ಬರತೈತಿ, ಅಣ್ಣಾ. ನನಗ ಮೈಯೆಲ್ಲ ಉರಿಯಾಕತ್ತೈತಿ."

ಸಿಟ್ಟು ಯಾರ ಮೇಲೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ಮಗಳ ಮೇಲೆ ಎಂದೇ ಹೇಳುತ್ತಿದ್ದಳು. ಗಣಿತದಲ್ಲಿ ಇಪ್ಪತ್ತೈದಕ್ಕೆ ಆರು ಎಂದು ಮೊಬೈಲಿಗೆ ಮೆಸೇಜು ಬಂದಾಗಿನಿಂದ ರೇಣುಕಾಗೆ ಅನ್ನ ಸೇರಿರಲಿಲ್ಲ. ವಾರವಿಡೀ ಅವಳು ಇದೇ ಊರಿನ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಆರಿಸುತ್ತಾಳೆ. ದೊಡ್ಡದು ಒಂದು ಗುಂಪು, ನಡುವಿನದು ಒಂದು, ಸಣ್ಣದು ಒಂದು. ನಿಂಬೆಯ ಹುಳಿಗೆ ಬೆರಳ ಸಂದಿಗಳು ಸೀಳಿಹೋಗಿವೆ. ಮಗಳ ಕೈ ಹಾಗಾಗಬಾರದು ಎಂಬುದೊಂದೇ ಅವಳ ಹಟ.

ಹನ್ನೆರಡೂ ಹತ್ತಕ್ಕೆ ಕಡೆಯ ಮೂವರನ್ನು ಒಟ್ಟಿಗೇ ಕರೆದರು.

ಸಾಕ್ಷಿ ವರಾಂಡದ ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಮುಖ ಕಪ್ಪಿಟ್ಟಿತ್ತು. ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು. ಒಂದು ಪಾದವನ್ನು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ.

"ಏನಿದು ಅವತಾರ? ಓದೂದು ಬಿಟ್ಟು ಬಿಸಿಲಾಗ ಕುಣ್ಯಾಕ ಹೋಗಿದ್ದೇನು?"

ಹುಡುಗಿ ಆ ಪಾದವನ್ನು ಕಂಬದ ಹಿಂದಕ್ಕೆ ಎಳೆದುಕೊಂಡಳು. ರೇಣುಕಾ ಬಗ್ಗಿ ಕಾಲು ಎತ್ತಿ ನೋಡಿದಳು. ಅಂಗಾಲಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತ್ತು.

"ಹೇಳು! ಬಾಯಿ ಇಲ್ಲೇನು ನಿನಗ?"

ಅಪ್ಪನ ಪಕ್ಕ ನಿಂತಿದ್ದ ನಿಷತಳೇ ಹೇಳಿದಳು. "ಅತ್ತಿ, ಊಟದ ಬೆಲ್ ಹೊಡದ ಮ್ಯಾಲ ಅಕಿ ಮಾಳಗಿ ಹತ್ತಿ ಬಿಸಿಲಾಗ ನಿಂದರತಾಳ್ರಿ. ಚಪ್ಪಲಿ ಕಳದು. ದಿನಾ ಅರ್ಧ ತಾಸು. ನಾ ಕರದ್ರೂ ಬರೂದಿಲ್ಲ."

"ಯಾರು ನಿಂದರಿಸಿದ್ರು?"

"ಯಾರೂ ಇಲ್ರಿ."

ಸಾಕ್ಷಿ ಆಗ ನೆಲ ನೋಡುತ್ತಲೇ ಬಾಯಿ ಬಿಟ್ಟಳು. "ನೀನ ಅಂದಿದ್ದಿಯಲ್ಲ, ಯವ್ವಾ. ನನ್ನ ಸಲುವಾಗಿ ಮೂರು ತಾಸು ಬಿಸಿಲಾಗ ನಿಂದರತೀ ಅಂತ. ಬಿಸಿಲಂದ್ರ ಏನು ಅಂತ ನನಗ ಗೊತ್ತಿಲ್ಲ ಅಂತ. ನಾಕು ಸಲ ಬಂದೀದಿ, ಮೂರು ಮೂರು ತಾಸು. ಹನ್ನೆರಡು. ನಾ ಹತ್ತು ಮುಗಿಸೇನಿ. ಎರಡು ಉಳದಿತ್ತು. ಇವತ್ತಿಂದು ಕೂಡಿಸಿದ್ರ ಐದು."

ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ.

ಹೋದ ತಿಂಗಳು ಇದೇ ಕಂಬದ ಬಳಿ ಆಡಿದ ಮಾತು ರೇಣುಕಾಗೆ ನೆನಪಾಯಿತು. ಅಂದೂ ಹುಡುಗಿ ಸುಮ್ಮನೇ ಇದ್ದಳು. ಸುಮ್ಮನಿದ್ದಾಳೆಂದರೆ ತಿದ್ದಿಕೊಳ್ಳುತ್ತಾಳೆ ಎಂದುಕೊಂಡು ಅವಳು ನೆಮ್ಮದಿಯಿಂದ ಬಸ್ಸು ಹತ್ತಿದ್ದಳು.

ಹೋಳಿಗೆಯ ಗಂಟನ್ನು ಅಲ್ಲೇ ಬಿಟ್ಟು ಅವಳು ಆಫೀಸಿನ ಕೋಣೆಗೆ ನುಗ್ಗಿದಳು.

"ಏನ್ರಿ ಸರ, ಕೂಸು ದಿನಾ ಮಾಳಗಿ ಮ್ಯಾಲ ಬರಿಗಾಲಿಲೆ ನಿಂದರತೈತಿ. ನೀವೇನು ನೋಡಾಕತ್ತೀರಿ?"

ಕ್ಲಾಸು ನಡೆಸುವ ಸರ್ ಫ್ಯಾನಿನ ಕೆಳಗೆ ಟೆಸ್ಟಿನ ಹಾಳೆ ಜೋಡಿಸುತ್ತಿದ್ದರು. "ನಾವು ನಿಂದರಿಸಿಲ್ಲ, ಅಕ್ಕಾರ. ಅಕಿನ ನಿಂತಾಳ. ಹಟ ಐತಿ ಹುಡುಗಿಗೆ, ಮುಂದ ಬರತಾಳ ಅಂತ ನಾ ಖುಷಿ ಪಟ್ಟೆ."

"ಖುಷಿ ಪಟ್ಟಿರಿ?" ಅವಳು ಮೇಜಿನ ಅಂಚಿಗೆ ಬಂದು ನಿಂತಳು. "ನಮ್ಮ ಮಾರ್ಕೆಟ್ಟಿನಾಗ ಕಡೀ ಗುಂಪಿನ ಸಣ್ಣ ನಿಂಬಿಹಣ್ಣನ್ನೂ ಬಿಸಿಲಾಗ ಇಡೂದಿಲ್ರಿ ನಾವು. ಗೋಣಿಚೀಲ ತೋಯಿಸಿ ಮ್ಯಾಲ ಹೊಚ್ಚತೀವಿ. ನೀವು ನನ್ನ ಕೂಸಿನ್ನ ಒಣಗಿಸಿದ್ರಲ್ಲ! ರ‍್ಯಾಂಕಿನ ಪ್ರಕಾರ ಮಂದೀನ ನಿಂದರಿಸೂ ಬುದ್ಧಿ ಯಾರು ಕೊಟ್ರು ನಿಮಗ?"

ಸರ್ ಹಾಳೆಗಳನ್ನು ಬದಿಗಿಟ್ಟರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದೇ ಅವಳನ್ನು ಹೆಚ್ಚು ಇರಿಯಿತು. "ಜೂನ್ ಮೀಟಿಂಗಿನಾಗ ಪಾಲಕರನ್ನ ಕೇಳಿದ್ವಿ. ಹಿಂಗ ಮಾಡಿದ್ರ ಹುಡುಗರಿಗೆ ಛಲ ಹುಟ್ಟತೈತಿ, ಮಾಡೂನ ಏನು ಅಂತ. ಎಲ್ಲಾರಕಿಂತ ಮೊದಲ ಕೈ ಎತ್ತಿದವರು ನೀವು."

ಹೌದು, ಎತ್ತಿದ್ದಳು. ಆರಿಸಿ ಇಟ್ಟರೆ ತಾನೇ ಹಣ್ಣಿಗೆ ಬೆಲೆ ಎಂದು ಪಕ್ಕದವಳಿಗೆ ಪಿಸುಗುಟ್ಟಿಯೂ ಇದ್ದಳು. ಆರಿಸಿದ ಮೇಲೆ ತನ್ನ ಮಗಳು ಯಾವ ಗುಂಪಿಗೆ ಬೀಳಬಹುದು ಎಂದು ಅವಳು ಆಗ ಯೋಚಿಸಿರಲೇ ಇಲ್ಲ. ಬೇರೆಯವರ ಮಗಳು ಬಿದ್ದರೆ ಏನು ಎಂದಂತೂ ಇಲ್ಲವೇ ಇಲ್ಲ.

ಫೋನು ಬಡಿದುಕೊಂಡಿತು. ಗಂಡ ಸಂಜೀವಕುಮಾರ. "ಎಷ್ಟನೇ ನಂಬರಂತ?"

"ಮನಿಗೆ ಕರಕೊಂಡು ಬರಾಕತ್ತೇನಿ."

"ಹುಚ್ಚು ಹಿಡದೈತೇನು ನಿನಗ? ನಡುವ ಬಿಡಿಸಿದ್ರ ಮಂದಿ ಏನಂತಾರ?"

"ಮಂದೀಗೆ ಅಕಿ ಅಂಗಾಲು ತೋರಸ್ತೇನಿ. ಮೊದಲ ನೀವು ನೋಡ್ರಿ." ಫೋನು ಕಟ್ ಮಾಡಿದಳು. ರಿಜಿಸ್ಟರಿನಲ್ಲಿ ಸಹಿ ಹಾಕುವಾಗ ಪೆನ್ನು ಹಾಳೆಯನ್ನು ಹರಿಯಿತು. "ನಾಳೆ ಊರಾನ ಸಾಲಿಗೆ ಹೋಗತಾಳ. ನಾ ಎತ್ತಿದ ಕೈ ಇಳಿಸೇನಿ ಅಂತ ಬರಕೋರ್ರಿ. ಎಲ್ಲಾ ಪಾಲಕರಿಗೂ ಹೇಳ್ರಿ."

ಜುಲ್ಫಿಕರ ಈ ಸಲ ನಗಲಿಲ್ಲ. ಒಂದು ಕೈಯಲ್ಲಿ ಸಾಕ್ಷಿಯ ಟ್ರಂಕು ಎತ್ತಿಕೊಂಡ. ಇನ್ನೊಂದು ಕೈ ನಿಷತಳ ಹೆಗಲ ಮೇಲಿತ್ತು. ಗೇಟಿನ ತನಕ ಬಂದವನು ಟ್ರಂಕು ಇಳಿಸಿ, ಮಗಳನ್ನು ಕರೆದುಕೊಂಡು ಆಫೀಸಿನ ಕಡೆ ತಿರುಗಿದ.

ಬಸ್ಸಿನಲ್ಲಿ ನೆರಳಿನ ಬದಿಯ ಕಿಟಕಿ ಸಿಕ್ಕಿತು. ರೇಣುಕಾ ಬಸ್ ನಿಲ್ದಾಣದ ನೀರಿನ ಕೊಡದ ಬಳಿ ನಿಂತು ಸೆರಗು ತೋಯಿಸಿಕೊಂಡು ಬಂದಿದ್ದಳು. ಅದನ್ನು ಮಗಳ ಪಾದಗಳಿಗೆ ಸುತ್ತಿ ಕೂತಳು. ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ಅವಳ ಮನೆಯಲ್ಲಿ ದೊಡ್ಡವರು ಸಣ್ಣವರಿಗೆ ಆಡಿದ್ದನ್ನು ಅವಳು ಕೇಳಿರಲಿಲ್ಲ. ಸೆರಗಿನ ಸುತ್ತನ್ನು ಇನ್ನೊಮ್ಮೆ ಸರಿಮಾಡಿದಳು.

ಬಸ್ಸು ಇಂಡಿ ದಾಟಿದ ಮೇಲೆ ಸಾಕ್ಷಿ ಕೇಳಿದಳು. "ಸಿಟ್ಟಾಗಿಯೇನು, ಯವ್ವಾ?"

"ಹೂಂ."

"ನನ್ನ ಮ್ಯಾಲೇನು?"

"ಅಲ್ಲ. ಈ ಕೈ ಮ್ಯಾಲ."

ಹುಡುಗಿ ಆ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಸೀಳಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಮೂಗಿಗೆ ಹಿಡಿದಳು.

"ನಿಂಬಿಹಣ್ಣಿನ ವಾಸನಿ ಬರತೈತಿ," ಎಂದಳು. ಕೈಯನ್ನು ಮಾತ್ರ ಬಿಡಲಿಲ್ಲ.