ನೀರಿಗೂ ಒಂದು ನಾಯಿ ಬೇಕು

ಕೆನಡಾದ ನಮ್ಮ ಎರಿನ್ ಮಿಲ್ಸಿನಲ್ಲಿ ಬಂಗುಡೆ ತಿನ್ನುವುದು ಸುಲಭ, ಹುರಿಯುವುದೇ ಕಷ್ಟ. ಕಾವಲಿಗೆ ಮೀನು ಬಿದ್ದು ಒಂದು ನಿಮಿಷ ಆಗುವುದರೊಳಗೆ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಚಳಿಗಾಲದ ಕೋಟಿಗೆ ವಾಸನೆ ಹತ್ತಿದರೆ ಮಾರ್ಚ್ ತನಕ ಬಿಡುವುದಿಲ್ಲ. ಹಾಗಾಗಿ ಕರಾವಳಿಯಿಂದ ಬಂದ ನಾವೆಲ್ಲ ಬೇಸಿಗೆ ಬಂದದ್ದೇ ಗ್ಯಾಸ್ ಒಲೆಯನ್ನು ಹೊರಗೆ ಡ್ರೈವ್‌ವೇಗೆ ತರುತ್ತೇವೆ. ಮೀನು ಅಲ್ಲೇ ಹುರಿಯುವುದು, ಉಳಿದ ಎಣ್ಣೆಯನ್ನು ರಸ್ತೆ ಬದಿಯ ಕಬ್ಬಿಣದ ಜಾಲರಿಗೆ ಸುರಿಯುವುದು. ಮಳೆನೀರು ಹೋಗುವ ಜಾಲರಿ ಅದು. ಸುರಿದು ಕೈ ತೊಳೆದುಕೊಂಡರೆ ಮುಗಿಯಿತು.

ನಾನೂ ಹತ್ತು ವರ್ಷ ಹಾಗೆಯೇ ಸುರಿದವಳು. ಹೆಸರು ಕೋಕಿಲಾ, ಊರು ಕಾಪು, ಬಾಯಿ ಸ್ವಲ್ಪ ಜೋರು. ಈ ಕಥೆ ಬರೆಯಲು ನಮ್ಮ ಮಹಿಳಾ ಗುಂಪಿನವರು ನನ್ನನ್ನೇ ಹಿಡಿದದ್ದು ಅದಕ್ಕೇ ಇರಬೇಕು.

೨೦೧೭ರ ಮಾತು. ಪಕ್ಕದ ಮನೆಯ ಜಿತೇಶನ ತಾಯಿ ಕೊರಪ್ಪೊಳಕ್ಕ ಮಲ್ಪೆಯಿಂದ ಬಂದಿದ್ದರು. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಹೆಂಗಸು. ಅವರ ಮಾತೆಲ್ಲ ತುಳುವಿನಲ್ಲಿ. ನಿಮಗೆ ತಿಳಿಯಲಿ ಎಂದು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳದ ರುಚಿ ಅರ್ಧ ಇಲ್ಲೇ ಹೋಯಿತು.

ಭಾನುವಾರ ಅವರು ಕಾವಲಿ ಇಟ್ಟರೆ ಮೊಮ್ಮಗಳು ಅಪೂರ್ವ ಬಕೆಟ್ ಬೋರಲು ಹಾಕಿ ಎದುರು ಕೂರುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಅಜ್ಜಿ ತುಳುವಿನಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೊದಲ ತುಂಡಿನ ಮುಳ್ಳು ಬಿಡಿಸಿ ಅಜ್ಜಿ ಅವಳ ಬಾಯಿಗಿಡುತ್ತಿದ್ದರು. ಎರಡನೆಯದು ಬೇಲಿಯಾಚೆ ನಿಂತ ನನಗೆ. ತೆಂಗಿನೆಣ್ಣೆಯಲ್ಲಿ ಹುರಿದ ಬಂಗುಡೆಯ ಆ ವಾಸನೆಗೆ ಕಣ್ಣು ಮುಚ್ಚಿದರೆ, ನನ್ನಮ್ಮ ಕಾಪುವಿನ ಮನೆಯಲ್ಲಿ ಕಾವಲಿಯ ಮುಂದೆ ಕೂತಂತೆ ಆಗುತ್ತಿತ್ತು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಸುಳ್ಳು ಯಾಕೆ, ಆ ತುಂಡಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಜೂನ್ ತಿಂಗಳ ಒಂದು ಗುರುವಾರ ಶಾಲೆಯ ಮಕ್ಕಳು ನಮ್ಮ ಬೀದಿಗೆ ಬಂದು ಪ್ರತಿಯೊಂದು ಜಾಲರಿಯ ಪಕ್ಕದಲ್ಲೂ ಒಂದೊಂದು ಹಳದಿ ಮೀನಿನ ಚಿತ್ರ ಬರೆದು ಹೋದರು. ಜಿತೇಶನ ಮನೆ ಮುಂದಿನ ಮೀನು ಅಪೂರ್ವಳದ್ದು. ಬಾಲ ಸ್ವಲ್ಪ ಸೊಟ್ಟಗಿತ್ತು. ಚಿತ್ರ ಯಾಕೆಂದು ನಾನು ಕೇಳಲಿಲ್ಲ, ಕೊರಪ್ಪೊಳಕ್ಕನೂ ಕೇಳಲಿಲ್ಲ. ಭಾನುವಾರ ಎಂದಿನಂತೆ ಮೀನು ಹುರಿದರು, ಎಂದಿನಂತೆ ಎಣ್ಣೆ ಸುರಿದರು. ಅರ್ಧ ಜಾಲರಿಯೊಳಗೆ ಹೋಯಿತು, ಅರ್ಧ ಹಳದಿ ಮೀನಿನ ಮೇಲೆ ಹರಿಯಿತು.

ಅಪೂರ್ವ ಬಕೆಟ್ ಮೇಲಿಂದ ಎದ್ದಳು.

"ಅಜ್ಜಿ, ದಟ್ಸ್ ಮೈ ಫಿಶ್. ಯು ಕಿಲ್ಡ್ ಇಟ್."

ಮೀನಿನ ತುಂಡನ್ನು ತಟ್ಟೆಯಲ್ಲಿಟ್ಟು ಒಳಗೆ ಹೋದಳು.

ಅಂದಿನಿಂದ ಅವಳು ಅಜ್ಜಿಯ ಕೈಯ ಮೀನು ತಿನ್ನಲಿಲ್ಲ. ಅಜ್ಜಿಯ ಪಕ್ಕ ಮಲಗಲಿಲ್ಲ. ಕರೆದರೆ, "ಐ ಹ್ಯಾವ್ ಹೋಮ್‌ವರ್ಕ್." ಕೊರಪ್ಪೊಳಕ್ಕ ಊರಿಗೆ ಹೊರಡಲು ಹತ್ತೊಂಬತ್ತು ದಿನ ಇತ್ತು. ಮುಂದಿನ ಸಲ ಬರುವಷ್ಟರಲ್ಲಿ ಹುಡುಗಿಗೆ ಎಷ್ಟು ವರ್ಷವಾಗಿರುತ್ತದೋ, ತನಗೆ ಕೈಕಾಲಿನಲ್ಲಿ ಶಕ್ತಿ ಇರುತ್ತದೋ ಇಲ್ಲವೋ ಎಂಬ ಚಿಂತೆ ಅವರಿಗೆ.

"ಒಂದು ಚಿತ್ರಕ್ಕೆ ಇಷ್ಟು ಕೋಪವಾ ಮಾರಾಯ್ತಿ?" ಎಂದು ನನ್ನಲ್ಲಿ ಕೇಳಿದರು. "ಹೀಗೇ ಮುಖ ತಿರುಗಿಸಿಕೊಂಡರೆ ನಾನು ಹೇಗೆ ವಿಮಾನ ಹತ್ತುವುದು?"

ನನ್ನ ಮನೆ ಮುಂದಿನ ಜಾಲರಿಯೂ ಎಣ್ಣೆಯಿಂದ ಕಪ್ಪಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಜಿತೇಶನ ಬೇಸ್‌ಮೆಂಟಿನಲ್ಲಿ ದೀಕ್ಷಿತಾ ಎಂಬ ಹುಡುಗಿ ಬಾಡಿಗೆಗಿದ್ದಳು. ಉಡುಪಿಯವಳು. ಕಾಲೇಜಿನಲ್ಲಿ ನದಿ, ಕೆರೆ, ಕಡಲಿನ ಜೀವಿಗಳ ಬಗ್ಗೆ ಓದುತ್ತಿದ್ದಳು, ಉಳಿದ ಹೊತ್ತು ಅಂಗಡಿಯಲ್ಲಿ ಕೆಲಸ. ಒಂದು ಸಂಜೆ ಶಿಫ್ಟು ಮುಗಿಸಿ ಬಂದವಳು ನಮ್ಮಿಬ್ಬರ ಸಪ್ಪೆ ಮುಖ ನೋಡಿ, ಒಳಗಿನಿಂದ ಅಪೂರ್ವ ತರಗತಿಯಲ್ಲಿ ತೋರಿಸಲು ಮಾಡಿದ್ದ ಚಾರ್ಟ್ ತಂದು ಮೆಟ್ಟಿಲ ಮೇಲೆ ಬಿಡಿಸಿದಳು. ಕಡಲಿನಲ್ಲಿ ಅಂಗಾತ ತೇಲುವ, ಮೀಸೆ ಇರುವ ಪ್ರಾಣಿಯ ಚಿತ್ರ.

"ಇದು ಎಂತ ಗೊತ್ತುಂಟಾ ಅಜ್ಜಿ?"

ಕೊರಪ್ಪೊಳಕ್ಕ ಕಣ್ಣು ಕಿರಿದು ಮಾಡಿ ನೋಡಿದರು. "ನೀರುನಾಯಿ. ಕಳ್ಳ ಮುಂಡೇದು. ನನ್ನಪ್ಪನ ಬಲೆ ಎಷ್ಟು ಹರಿದಿದೆ ಗೊತ್ತಾ? ಇದರ ಚಿತ್ರ ಯಾಕೆ ಮನೆಯೊಳಗೆ?"

"ನಿಮ್ಮ ಹೊಳೆಯದ್ದು ಬೇರೆ ಜಾತಿ ಅಜ್ಜಿ. ಇದು ಕಡಲ ನೀರುನಾಯಿ. ಕೆನಡಾದ ಪಶ್ಚಿಮ ತುದಿಯ ಕಡಲಲ್ಲಿ ಇರೋದು."

"ಯಾವ ಜಾತಿಯಾದ್ರೂ ಹೊಟ್ಟೆ ಒಂದೇ. ಮೀನು ತಿಂದು ನಮ್ಮ ಹೊಟ್ಟೆಗೆ ಹೊಡೀತದೆ."

"ಇಲ್ಲಿಯವರೂ ಹಿಂದೆ ದಯೆ ತೋರಿಸಲಿಲ್ಲ. ತುಪ್ಪಳಕ್ಕೆ ಬೆಲೆ ಅಂತ ಒಂದೂ ಬಿಡದೆ ಕೊಂದರು. ಆಮೇಲೆ ಮೀನು ಜಾಸ್ತಿ ಆಯ್ತು ಅಂದುಕೊಂಡ್ರಾ?"

"ಆಗ್ಲೇಬೇಕಲ್ಲ. ತಿನ್ನೋರು ಹೋದ್ರಲ್ಲ."

"ಇಲ್ಲ. ಆ ಕಡಲಿನ ಕಲ್ಲುಗಳ ಮೇಲೆ ಪಾಚಿಯ ಕಾಡು ಉಂಟು. ತೆಂಗಿನ ಮರಕ್ಕಿಂತ ಎತ್ತರ ಬೆಳೀತದೆ. ಮೀನಿನ ಮರಿಗಳು ಅಡಗಿ ಬೆಳೆಯೋದು ಅಲ್ಲೇ. ಮೈಯೆಲ್ಲ ಮುಳ್ಳಿರುವ ಒಂದು ಉಂಡೆಯಂಥ ಪ್ರಾಣಿ ಉಂಟಲ್ಲ, ಕಡಲಮುಳ್ಳು? ಅದು ಆ ಪಾಚಿಯನ್ನು ಬುಡದಿಂದ ಮೇಯ್ತದೆ. ಆ ಮುಳ್ಳುಂಡೆಯನ್ನು ಒಡೆದು ತಿನ್ನುವುದು ಈ ನೀರುನಾಯಿ. ಎದೆ ಮೇಲೆ ಕಲ್ಲಿಟ್ಟು ಕುಟ್ಟಿ ಒಡೀತದೆ. ಆ ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗೋದು."

"ನನ್ನ ಎಲೆಯಡಿಕೆ ಸಂಚಿ ಹಾಗೆ," ಎಂದರು ಕೊರಪ್ಪೊಳಕ್ಕ. ನಗು ತಡೆದುಕೊಂಡಿದ್ದರು.

"ನೀರುನಾಯಿ ಹೋದ ಮೇಲೆ ಮುಳ್ಳುಂಡೆಗಳನ್ನು ಕೇಳೋರಿಲ್ಲ. ಕಾಡನ್ನೆಲ್ಲ ತಿಂದು ಮುಗಿಸಿದವು. ಬರೀ ಕಲ್ಲು ಉಳೀತು. ಮೀನಿನ ಮರಿಗೆ ನಿಲ್ಲಲಿಕ್ಕೆ ಜಾಗ ಇಲ್ಲ."

ಮೀನಿನ ಮಾತು ಕೊರಪ್ಪೊಳಕ್ಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಪಾಚಿ ಕಲ್ಲಿನ ಮೇಲೆ ಬಲೆ ಬಿಡಬೇಡಿ, ಅದು ಮೀನಿನ ಬಾಣಂತಿ ಕೋಣೆ ಅಂತ ಅಪ್ಪ ಹೇಳ್ತಿದ್ದ," ಎಂದರು. ಮತ್ತೆ ತಾವೇ ಹೇಳಿದರು, "ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಮುಳ್ಳುಂಡೆ ಕಡಲಿನ ಆಡು."

"ಹೌದು. ಆಮೇಲೆ ಇವರಿಗೆ ಬುದ್ಧಿ ಬಂತು. ಐವತ್ತು ವರ್ಷದ ಹಿಂದೆ ಅಲಾಸ್ಕಾದಿಂದ ಎಂಬತ್ತೊಂಬತ್ತು ನೀರುನಾಯಿ ತಂದು ಬಿಟ್ಟರು. ಈಗ ಸಾವಿರಾರು ಉಂಟು. ಅವು ತುಂಬಿದ ಕಡೆ ಪಾಚಿ ಕಾಡು ಮತ್ತೆ ಎದ್ದಿದೆ. ತಾಯಿ ಮುಳುಗು ಹಾಕುವಾಗ ಮರಿ ತೇಲಿ ಹೋಗಬಾರದು ಅಂತ ಅದೇ ಪಾಚಿಯಿಂದ ಸುತ್ತಿಟ್ಟು ಹೋಗ್ತದೆ."

ಕೊರಪ್ಪೊಳಕ್ಕನ ಕೈ ಚಾರ್ಟಿನ ಮೇಲೆ ನಿಂತಿತು.

"ಜಿತೇಶನನ್ನು ನಾನು ಸೀರೆ ತುಂಡಿನಲ್ಲಿ ದೋಣಿಯ ಹಗ್ಗಕ್ಕೆ ಕಟ್ಟಿ ಮೀನಿನ ಏಲಕ್ಕೆ ಹೋಗ್ತಿದ್ದೆ," ಎಂದರು. "ನೀರಿಗೆ ಹೋಗ್ತಾನೆ ಅಂತ ಹೆದರಿಕೆ. ಬರುವಷ್ಟರಲ್ಲಿ ಅತ್ತು ಅತ್ತು ನಿದ್ದೆ ಮಾಡಿರ್ತಿದ್ದ."

ಆಮೇಲೆ ಬಹಳ ನಿಧಾನವಾಗಿ ಇನ್ನೊಂದು ಮಾತು ಬಂತು. "ನನಗೆ ಹತ್ತು ವರ್ಷ. ಅಪ್ಪನ ಬಲೆಯಲ್ಲಿ ಒಂದು ನೀರುನಾಯಿ ಸಿಕ್ಕಿತ್ತು. ದೋಣಿಯ ಹುಟ್ಟಿನಿಂದ ಹೊಡೆದು ಕೊಂದ. ನಾನು ಚಪ್ಪಾಳೆ ತಟ್ಟಿದೆ. ಆಚೆ ದಡದಲ್ಲಿ ಅದರ ಮರಿ ಎರಡು ದಿನ ಕೂಗ್ತಿತ್ತು. ಮೂರನೇ ದಿನ ಕೂಗಲಿಲ್ಲ."

ಅರುವತ್ತು ವರ್ಷ ಆ ಕೂಗನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಹೆಂಗಸು ಬದುಕಿದ್ದಾರೆ ಎಂದು ನನಗೆ ಸಂಕಟವಾಯಿತು.

ಆದರೂ ಅವರು ಮೀನು ಮಾರಿದವರಲ್ಲವೇ, ಚೌಕಾಸಿ ಬಿಡಲಿಲ್ಲ. "ಆಯ್ತು. ಆ ಕಡಲು ಇಲ್ಲಿಂದ ಎಷ್ಟು ದೂರ? ನನ್ನ ಒಂದು ಲೋಟ ಎಣ್ಣೆ ಅಲ್ಲಿಗೆ ಹೋಗ್ತದಾ?"

"ಇಲ್ಲ ಅಜ್ಜಿ. ಸುಳ್ಳು ಹೇಳೋದಿಲ್ಲ. ಅಲ್ಲಿಗೆ ಹೋಗೋದಿಲ್ಲ. ಈ ಜಾಲರಿಯ ನೀರು ಶುದ್ಧ ಮಾಡುವ ಕಾರ್ಖಾನೆಗೂ ಹೋಗೋದಿಲ್ಲ. ಸೀದಾ ಇಲ್ಲಿಯ ತೋಡಿಗೆ, ಅಲ್ಲಿಂದ ಕ್ರೆಡಿಟ್ ನದಿಗೆ, ಅಲ್ಲಿಂದ ಒಂಟಾರಿಯೋ ಸರೋವರಕ್ಕೆ. ನಾವು ಕುಡಿಯೋದು ಆ ಸರೋವರದ ನೀರನ್ನೇ. ಅಲ್ಲಿಯೂ ಬಾತುಕೋಳಿ ಉಂಟು, ಮೀನು ಉಂಟು. ಕಡಲ ನೀರುನಾಯಿಗೆ ಮೈಯಲ್ಲಿ ಕೊಬ್ಬಿನ ಹೊದಿಕೆ ಇಲ್ಲ, ತುಪ್ಪಳವೇ ಕಂಬಳಿ. ಹಡಗಿನ ಎಣ್ಣೆ ತಾಗಿದರೆ ಕಂಬಳಿ ಒದ್ದೆಯಾಗಿ ಚಳಿಗೆ ಸಾಯ್ತದೆ. ಇಲ್ಲಿ ಬಾತುಕೋಳಿಯ ರೆಕ್ಕೆಗೆ ನಮ್ಮ ಅಡಿಗೆ ಎಣ್ಣೆ ಅಂಟಿದರೂ ಅದೇ ಕಥೆ. ಅದಕ್ಕೇ ಅಪೂರ್ವ ಆ ಮೀನು ಬರೆದದ್ದು. ಇಲ್ಲಿ ಸುರಿದದ್ದು ಮೀನಿಗೆ ಹೋಗ್ತದೆ ಅಂತ ಅದರ ಅರ್ಥ."

ಕೊರಪ್ಪೊಳಕ್ಕ ಚಾರ್ಟನ್ನು ಮತ್ತೆ ನೋಡಿದರು. "ನೀರುನಾಯಿ, ನೀರುನಾಯಿ," ಎಂದು ಎರಡು ಸಲ ಹೇಳಿಕೊಂಡರು. "ನಮ್ಮ ಹಿರಿಯರು ನಾಯಿ ಅಂತ ಸುಮ್ಮನೆ ಹೆಸರಿಟ್ಟಿದ್ದಾರಾ? ನಾಯಿ ಕಳ್ಳ ಅಲ್ಲ ಮಾರಾಯ್ತಿ. ಮನೆ ಕಾಯೋದು. ಒಂದು ತುತ್ತು ತಿನ್ತದೆ, ಮನೆ ಪೂರಾ ಕಾಯ್ತದೆ. ಹೆಸರಲ್ಲೇ ಇತ್ತು. ನನಗೆ ಈಗ ಕೇಳಿಸಿತು."

ಎದ್ದರು. ಪೊರಕೆ, ಒಂದು ಬಾಟಲಿ ಸೋಪು ಹಿಡಿದು ಜಾಲರಿಯ ಕಡೆ ನಡೆದರು.

"ಸೋಪು ಬೇಡ ಅಜ್ಜಿ," ದೀಕ್ಷಿತಾ ಕೂಗಿದಳು. "ಅದೂ ಒಳಗೇ ಹೋಗ್ತದೆ."

"ಹಾಗಾದ್ರೆ ಹೊಯ್ಗೆ ಕೊಡಿ. ಎಣ್ಣೆ ಚೆಲ್ಲಿದರೆ ನಾವು ಹೊಯ್ಗೆ ಹಾಕೋದು."

ಚಳಿಗಾಲದಲ್ಲಿ ಮಂಜಿನ ಮೇಲೆ ಎರಚಲು ತಂದ ಮರಳಿನ ಚೀಲ ಗರಾಜಿನಲ್ಲಿತ್ತು. ಕೊರಪ್ಪೊಳಕ್ಕ ಮೊಣಕಾಲೂರಿ ಕೂತು ಹಳದಿ ಮೀನಿನ ಮೇಲೆ ಮರಳು ಹರಡಿ, ಅಂಗೈಯಿಂದ ತಿಕ್ಕಿ, ಒಂದು ಕಾಳೂ ಜಾಲರಿಗೆ ಬೀಳದ ಹಾಗೆ ಗುಡಿಸಿ ಚೀಲಕ್ಕೆ ತುಂಬಿದರು. ಮೂರು ಸಲ ಹಾಗೆ ಮಾಡಿದರು. ಸೊಟ್ಟ ಬಾಲ ಮತ್ತೆ ಕಾಣಿಸಿತು. ನನಗೂ ನಾಚಿಕೆಯಾಗಿ ಇನ್ನೊಂದು ಪೊರಕೆ ತಂದು ನನ್ನ ಜಾಲರಿಯ ಮುಂದೆ ಕೂತೆ.

ಬಾಗಿಲಲ್ಲಿ ಅಪೂರ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ಬಂದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅಜ್ಜಿ, ಡಿಡ್ ದ ಬೇಬಿ ಡೈ?"

"ಗೊತ್ತಿಲ್ಲ ಬಾಲೆ," ಎಂದರು ಅಜ್ಜಿ. ಕಣ್ಣಲ್ಲಿ ನೀರಿತ್ತು, ಕೈಯೆಲ್ಲ ಮರಳು, ಒರೆಸಿಕೊಳ್ಳಲು ಆಗಲಿಲ್ಲ. ಅಪೂರ್ವ ತನ್ನ ಅಂಗಿಯ ತುದಿಯಿಂದ ಒರೆಸಿದಳು. ಆಮೇಲೆ ಚಾರ್ಟ್ ತಂದು ನೀರುನಾಯಿಯ ಚಿತ್ರ ತೋರಿಸಿ, "ಸೇ ಇಟ್ ಅಗೇನ್, ಸ್ಲೋಲಿ," ಎಂದಳು. ಓದುಬರಹ ಬಾರದ ಅಜ್ಜಿ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಹುಡುಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಳು.

ತರಗತಿಯಲ್ಲಿ ಅವಳು ಏನು ಹೇಳಿದಳೆಂದು ದೀಕ್ಷಿತಾ ಆಮೇಲೆ ತಿಳಿಸಿದಳು. "ನನ್ನ ಅಜ್ಜಿಯ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ ನೀರು ಕಾಯುವ ನಾಯಿ" ಅಂದಳಂತೆ.

ಹೊರಡುವ ಹಿಂದಿನ ಭಾನುವಾರ ಡ್ರೈವ್‌ವೇಯಲ್ಲಿ ಮತ್ತೆ ಕಾವಲಿ ಬಿತ್ತು, ಬಕೆಟ್ ಬೋರಲಾಯಿತು. ಮೊದಲ ತುಂಡು ಹೋಗಬೇಕಾದ ಬಾಯಿಗೇ ಹೋಯಿತು. ಎಣ್ಣೆ ಆರಿದ ಮೇಲೆ ಅಪೂರ್ವಳೇ ಅದನ್ನು ಹಳೆಯ ಉಪ್ಪಿನಕಾಯಿ ಬಾಟಲಿಗೆ ಸುರಿದು ಮುಚ್ಚಳ ಬಿಗಿದಳು.

ಆಗಸ್ಟಿನಲ್ಲಿ ಮಲ್ಪೆಯಿಂದ ವಿಡಿಯೋ ಕಾಲ್ ಬಂತು. ಬಂದರಿನಲ್ಲಿ ಒಬ್ಬ ಬೋಟಿನವ ಇಂಜಿನ್ನಿನ ಕರಿ ಎಣ್ಣೆಯನ್ನು ನೀರಿಗೆ ಸುರಿಯುವುದನ್ನು ಕೊರಪ್ಪೊಳಕ್ಕ ಕಂಡರಂತೆ. ತಡೆದರೆ, "ಕಡಲು ಎಷ್ಟು ದೊಡ್ಡದು ಅಕ್ಕ, ಎಲ್ಲ ನುಂಗ್ತದೆ," ಅಂದನಂತೆ.

"ನಾನೂ ಹಾಗೇ ಹೇಳ್ತಿದ್ದೆ ಅಂತ ಅಂದೆ," ಎಂದರು ಕೊರಪ್ಪೊಳಕ್ಕ. "ಕೆನಡಾದಲ್ಲಿ ನನ್ನ ಮೊಮ್ಮಗಳು ಕೇಳಿದರೆ ನಾನು ಎಂತ ಹೇಳಲಿ ಅಂತ ಡಬ್ಬಿ ಕಸಿದುಕೊಂಡೆ. ಬಾಲೆ, ಹೊಳೆ ಕಡಲು ಸೇರುವ ಅಳಿವೆ ಹತ್ತಿರ ನೀರುನಾಯಿಯ ಹೆಜ್ಜೆ ನೋಡಿದೆ. ಎರಡು ದೊಡ್ಡದು, ಒಂದು ಸಣ್ಣದು."

"ನೀರುನಾಯಿ ಬಂತಾ ಅಜ್ಜಿ?" ಎಂದಳು ಅಪೂರ್ವ. ತುಳುವಿನಲ್ಲಿ. ನಾನು ಬೇಲಿಯಾಚೆ ನಿಂತು ಕಿವಿಯಾರೆ ಕೇಳಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಮುಂದೆಯೂ ಒಂದು ಜಾಲರಿ ಇದೆ. ಪಕ್ಕದಲ್ಲಿ ಹಳದಿ ಮೀನು ಇರಲಿ ಬಿಡಲಿ, ಅದು ನದಿಯ ಬಾಯಿ. ಎಣ್ಣೆ, ಬಣ್ಣ, ಕಾರು ತೊಳೆದ ಸೋಪಿನ ನೀರು ಯಾವುದೂ ಅದಕ್ಕೆ ಬೇಡ. ಅಡಿಗೆಮನೆಯ ಸಿಂಕಿಗೂ ಎಣ್ಣೆ ಬೇಡ, ಪೈಪು ಕಟ್ಟಿ ಕೂರುತ್ತದೆ. ಕಾವಲಿಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ತೆಗೆಯಿರಿ. ಹೆಚ್ಚು ಉಳಿದರೆ ಆರಿಸಿ ಬಾಟಲಿಗೆ ತುಂಬಿಡಿ, ಎಲ್ಲಿ ಕೊಡಬೇಕೆಂದು ನಿಮ್ಮ ನಗರಸಭೆಗೆ ಒಂದು ಫೋನ್ ಮಾಡಿ ಕೇಳಿ. ಮಕ್ಕಳಿಗೆ ನೀರುನಾಯಿಯ ಕಥೆ ಹೇಳಿ, ಹೆಸರನ್ನು ನಮ್ಮ ಭಾಷೆಯಲ್ಲೇ ಹೇಳಿ.

ಬಂಗುಡೆಯನ್ನು ಧಾರಾಳವಾಗಿ ಹುರಿಯಿರಿ, ಬೇಲಿಯಾಚೆ ಇರುವವರಿಗೂ ಒಂದು ತುಂಡು ಕೊಡಿ. ಎಣ್ಣೆಯನ್ನು ಮಾತ್ರ ನೀರಿಗೆ ಕೊಡಬೇಡಿ.