ಸೊಟ್ಟ ಟೀವಿ

ಎತ್ತಿ ಎಳೆಯಬೇಕು, ಬರೀ ಎಳೆದರೆ ಬರುವುದಿಲ್ಲ ಈ ಬಾಗಿಲು, ಚೂರು ಮೇಲಕ್ಕೆತ್ತಿ ಆಮೇಲೆ ಹಿಂದಕ್ಕೆ — ಕಿರ್ರ್ ಅಂತ ಸದ್ದು, ಅರ್ಧಕ್ಕೆ ಬಂದು ಒಂದು ಗಳಿಗೆ ತಡೆದು ಮತ್ತೆ ಕಿರ್ರ್ — ಕೈ ಎತ್ತಿತು, ಎಳೆಯಿತು, ಬಾಗಿಲು ಸರಿಯಿತು, ಎಲ್ಲ ಆದಮೇಲೆ ಅವನಿಗೆ ತಿಳಿದದ್ದು ಕೈ ಏನು ಮಾಡಿತು ಅಂತ. ವ್ಯಾನು ತಂದ ಹೆಂಗಸು ಬೆರಗಾಗಿ ನಿಂತಿದ್ದಾರೆ, ನಾವು ತಗೊಂಡು ಮೂರು ತಿಂಗಳಾಯ್ತು, ಈ ಬಾಗಿಲಿನ ಮರ್ಮ ನಮಗೇ ಇನ್ನೂ ಸಿಕ್ಕಿಲ್ಲ, ನಿಮಗೆ ಹೇಗೆ ಗೊತ್ತಾಯ್ತು. ಕೈ ಅಭ್ಯಾಸ ಮೇಡಂ. ಸುಳ್ಳೇನಲ್ಲ, ಐದು ವರ್ಷದ ಅಭ್ಯಾಸ, ಬಿಳಿ ಇದ್ದದ್ದಕ್ಕೆ ಯಾರೋ ಕಡುನೀಲಿ ಬಳಿಸಿದ್ದಾರೆ, ಅದಕ್ಕೇ ಕಣ್ಣು ಮೋಸಹೋಯಿತು, ಹಿಂದೆ ಹೋಗಿ ನಂಬರ್ ನೋಡಿದ, ನೋಡಬಾರದಿತ್ತು, ನೋಡಿದ, ಅದೇ. ಎರಡು ವರ್ಷದ ಹಿಂದೆ ಬ್ರೋಕರಿನ ಕೈಗೆ ಕೀಲಿ ಕೊಟ್ಟು ತಿರುಗಿ ನೋಡದೆ ನಡೆದುಬಂದ ವ್ಯಾನು, ಊರೆಲ್ಲ ಸುತ್ತಿ ಅವನ ಅಂಗಡಿಗೇ ಬಂದು ನಿಂತಿದೆ, ಬೇರೆ ಅಂಗಡಿಯೇ ಸಿಗಲಿಲ್ಲ ಇದಕ್ಕೆ. ಹೆಂಗಸು ಹೇಳುತ್ತಲೇ ಇದ್ದಾರೆ, ಹಿಂದಿನ ಸೀಟಿಗೆ ಎರಡು ಸ್ಕ್ರೀನ್ ಬೇಕು, ಇಬ್ಬರು ಮಕ್ಕಳು, ನಾಳೆ ಬೆಳಿಗ್ಗೆ ಹೊರಡಬೇಕು, ಆರು ತಾಸಿನ ದಾರಿ, ಜುಟ್ಟು ಜುಟ್ಟು ಹಿಡಿದು ಕಾದಾಡ್ತಾರೆ, ನನ್ನ ತಲೆ ಚಿಟ್ಟು ಹಿಡಿದುಹೋಗಿದೆ, ನಾಲ್ಕು ಗಂಟೆಗೆ ಸ್ಕೂಲು ಬಿಡೋದರೊಳಗೆ ಆಗುತ್ತಾ. ಇವತ್ತು ಆಗಲ್ಲ, ನಾಳೆ ಬನ್ನಿ — ನಾಲಿಗೆಯ ತುದಿಗೆ ಬಂದಿತ್ತು, ನಾಳೆ ಅನ್ನುವ ಮಾತನ್ನು ಅವನು ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಆಗುತ್ತೆ ಮೇಡಂ ಅಂದ.

ಮೊದಲು ಬ್ಯಾಟರಿಯ ತಂತಿ ಬಿಚ್ಚು, ಆಮೇಲೆ ಫ್ಯೂಸ್ ಬಾಕ್ಸು, ಅಲ್ಲಿಂದ ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ, ಸೀಟಿನ ಹೊಟ್ಟೆಯೊಳಗಿಂದ ಮೇಲಕ್ಕೆ — ಕಣ್ಣು ಕಟ್ಟಿ ಬಿಟ್ಟರೂ ಮಾಡುವ ಕೆಲಸ, ಊರಿನ ಎಷ್ಟೋ ಗಾಡಿಗೆ ಮಾಡಿದ್ದಾನೆ, ಯಾರ್ಯಾರದೋ ಮಕ್ಕಳು ಅವನು ಹಾಕಿದ ಟೀವಿ ನೋಡುತ್ತ ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದಾರೆ, ಅವನ ವ್ಯಾನಿನಲ್ಲಿ ಮಾತ್ರ ಇರಲಿಲ್ಲ. ಮಗಳು ಕೇಳದ ದಿನವಿರಲಿಲ್ಲ, ಅಪ್ಪನ ಬಾಲಂಗೋಚಿ ಅಂತಲೇ ಅಂಗಡಿ ಸಾಲಿನವರೆಲ್ಲ ಕರೆಯುತ್ತಿದ್ದದ್ದು, ಸ್ಕೂಲು ಬಿಟ್ಟರೆ ಸೀದಾ ಇಲ್ಲಿ, ಈ ಹಳೇ ಟಯರಿನ ಮೇಲೆ ಕೂತು ಎಲ್ಲ ನೋಡುವುದು, ಎಲ್ಲರ ಗಾಡಿಗೂ ಹಾಕ್ತೀಯಲ್ಲಪ್ಪ, ನಮ್ಮ ಗಾಡಿಗೆ ಯಾವಾಗ. ನಾಳೆ ಪುಟ್ಟಾ. ನಾಳೆ ಅಂದ್ರೆ ಯಾವ ವಾರ. ಈ ಸೀಸನ್ ಮುಗೀಲಿ, ಖಂಡಿತ. ಹೆಂಡತಿ ನಗುತ್ತಿದ್ದಳು, ನಿಮ್ಮ ನಾಳೆಗೆ ಮೀಸೆ ಬಂದು ನೆರೆತು ಹೋಯ್ತು ಅನ್ನುತ್ತಿದ್ದಳು, ಆಗ ನಗುತ್ತಿದ್ದಳು. ಫೋನು ಜೇಬಿನಲ್ಲಿ ಗುಂಯ್‌ಗುಟ್ಟುತ್ತಿದೆ, ಅವಳೇ, ಊಟ ಆಯ್ತಾ ಅಂತ, ಆಯ್ತು ಅಂದ, ಆಗಿರಲಿಲ್ಲ, ಯಾವ ಗಾಡಿ ಇವತ್ತು ಅಂದಳು, ಎಂದೂ ಕೇಳದವಳು ಇವತ್ತೇ ಕೇಳಬೇಕೆ, ಯಾವುದೋ ನೀಲಿ ವ್ಯಾನು ಅಂದ. ಅದನ್ನು ಮಾರಿಬಿಡಿ ಅಂದವಳು ಅವಳು, ಅಂಗಳದಲ್ಲಿ ಅದು ನಿಂತಿದ್ದರೆ ಬಾಗಿಲು ಸರಿದು ಅಮ್ಮಾ ಅಂತಾಳೇನೋ ಅನ್ನಿಸುತ್ತೆ ಕಣ್ರೀ, ಮಾರಿಬಿಡಿ. ಡ್ರೈವರ್ ಸೀಟಿಗೆ ಈಗಿನವರು ಹೊಸ ಕವರು ತೊಡಿಸಿದ್ದಾರೆ, ಅದನ್ನು ಬಿಚ್ಚದೆ ಬ್ರಾಕೆಟ್ಟು ಕೂರಿಸಲಾಗದು, ಕೊಂಡಿ ಒಂದೊಂದೇ ಬಿಚ್ಚಿದ, ಕವರನ್ನು ಮೇಲಕ್ಕೆ ಸುತ್ತುತ್ತ ಬಂದ, ಬೂದುಬಣ್ಣದ ಪ್ಲಾಸ್ಟಿಕ್ಕಿನ ಬೆನ್ನು, ಅದರ ಮೇಲೆ ಬಿಳಿ ಗೀಟು. ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ಕೆಳಗೆ ಬಲಕ್ಕೆ ಒಂದು ಪುಟ್ಟ ಸೊನ್ನೆ.

ಮರೆತಿದ್ದನೇ, ಹೇಗೆ ಮರೆತ, ಮರೆತಿರಲಿಲ್ಲ, ಅದು ಅವನ ಬೆನ್ನ ಹಿಂದೆ ಇತ್ತು, ಅವನು ಗಾಡಿ ಓಡಿಸುವಾಗೆಲ್ಲ ಅವನ ಬೆನ್ನ ಹಿಂದೆಯೇ, ನೋಡಿದ್ದು ಕಮ್ಮಿ, ಕೇಳಿದ್ದೇ ಜಾಸ್ತಿ. ಅವನ ಜೇಬಿನ ಮಾರ್ಕರ್ ಕದ್ದು ಬರೆದದ್ದು, ತೂತು ಕೊರೆಯುವ ಮುಂಚೆ ಅವನು ಗುರುತು ಹಾಕುವ ಬಿಳಿ ಮಾರ್ಕರ್, ನಾಲ್ಕು ಚುಕ್ಕಿಯೂ ಅವನನ್ನು ನೋಡಿ ಕಲಿತದ್ದೇ, ಇಲ್ಲಿ ಸ್ಕ್ರೂ ಬರುತ್ತೆ ಅಪ್ಪ, ನಾನೇ ಮಾರ್ಕ್ ಹಾಕಿಟ್ಟಿದ್ದೀನಿ, ನಿನಗೆ ಕೆಲಸ ಕಮ್ಮಿ. ಸೀಟ್ ಬೆಲ್ಟ್ ಬಿಚ್ಚದೆ ಕೈಚಾಚಿ ಬರೆದದ್ದರಿಂದ ಚೌಕ ಬಲಗಡೆಗೆ ವಾಲಿ ಜಾರಿದೆ, ಬೆಲ್ಟ್ ಬಿಚ್ಚಬಾರದು ಅಂತ ಅವನೇ ಗದರಿಸಿ ಕಲಿಸಿದ್ದು, ಅದೊಂದನ್ನು ಕೇಳಿದಳು. ಬಯ್ದಿದ್ದ, ಗಾಡಿ ಹಾಳುಮಾಡ್ತೀಯಾ ಅಂತ ಅಳಿಸಲು ಬಟ್ಟೆ ತಗೊಂಡಿದ್ದ, ಅವಳು ಎರಡೂ ಕೈ ಅಡ್ಡ ಹಿಡಿದು ಅಳಿಸಬೇಡಪ್ಪ, ನಿಜವಾದದ್ದು ತರೋವರೆಗೂ ಇದೇ ಇರಲಿ. ಆಮೇಲೆ ಗಾಡಿ ಹೊರಟರೆ ಸಾಕು, ಸೊನ್ನೆಯ ಮೇಲೆ ಬೆರಳಿಟ್ಟು ಟಕ್ ಅನ್ನುವುದು, ಬಾಯಲ್ಲೇ ಟಕ್, ಟೀವಿ ಶುರು — ಆನೆ ಬಸ್ಸಿನ ಡ್ರೈವರಂತೆ, ಇರುವೆ ಕಂಡಕ್ಟರಂತೆ, ಆನೆಗೆ ಸೀಟು ಸಾಲದೆ ಎರಡು ಟಿಕೆಟ್ ತಗೋ ಅಂತ ಇರುವೆ ಜೋರು ಮಾಡುತ್ತಂತೆ, ಡ್ರೈವರಿಗೆಲ್ಲಿ ಟಿಕೆಟ್ಟು ಅಂತ ಇವನು ಕೇಳಿದರೆ ಸುಮ್ನಿರಪ್ಪ ಜಾಹೀರಾತು ಬಂತು, ಎಲ್ಲರೂ ನೀರು ಕುಡೀರಿ. ಜ್ವರ ಬಂದದ್ದೂ ಸೀಸನ್ನಿನಲ್ಲೇ. ಮಾಮೂಲಿ ಜ್ವರ ಅಂದುಕೊಂಡದ್ದು, ಮಾತ್ರೆ ಹಾಕಿದರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು, ಆಸ್ಪತ್ರೆಗೆ ತೋರಿಸೋಣ್ವಾ ಅಂದಳು ಹೆಂಡತಿ, ಅಂಗಡಿಯಲ್ಲಿ ಮೂರು ಗಾಡಿ ನಿಂತಿತ್ತು, ಅಂದ, ತನ್ನ ಬಾಯಿಂದಲೇ ಅಂದ, ನಾಳೆ ಹೋಗೋಣ. ಮಾರನೆಯ ದಿನ ಮಧ್ಯಾಹ್ನ ಇದೇ ಬಾಗಿಲನ್ನು ಎತ್ತಿ ಎಳೆದು, ಇದೇ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿ, ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುತ್ತ, ಅವಳಿಗೆ ಮಂಪರು ಹತ್ತಬಾರದು ಅಂತ ತಿರುಗದೆಯೇ ಕೇಳಿದ, ಪುಟ್ಟಾ, ಟೀವಿಯಲ್ಲಿ ಈಗ ಏನು ಬರ್ತಿದೆ. ಸಿಗ್ನಲ್ ದಾಟಿದ ಮೇಲೆ ಹಿಂದಿನಿಂದ ಅಂದಳು, ಕರೆಂಟ್ ಹೋಗಿದೆ ಅಪ್ಪ. ಅಷ್ಟೇ. ಆಮೇಲೆ ಅವಳ ಬಾಯಿಂದ ಇನ್ನೊಂದು ಮಾತು ಬರಲಿಲ್ಲ, ಆಸ್ಪತ್ರೆಯವರು ಒಂದು ದಿನ ಮುಂಚೆ ತಂದಿದ್ದರೆ ಅಂದು ಅಲ್ಲಿಗೇ ನಿಲ್ಲಿಸಿದರು, ಪೂರ್ತಿ ಹೇಳಲಿಲ್ಲ, ಅವನಿಗೆ ಪೂರ್ತಿ ಕೇಳಿಸಿತು. ಡ್ರಿಲ್ಲಿನ ಸದ್ದು ನಿಂತಿದೆ. ಯಾವಾಗ ಶುರುಮಾಡಿದ, ಮಟ್ಟ ನೋಡುವ ರಸಮಟ್ಟ ಪೆಟ್ಟಿಗೆಯಲ್ಲೇ ಇದೆ, ಬಿಳಿ ಚುಕ್ಕಿ ಕಂಡಲ್ಲಿ ಕೊರೆಯುವುದು ಇಪ್ಪತ್ತು ವರ್ಷದ ಕೈ, ನಾಲ್ಕು ಚುಕ್ಕಿ ಕಂಡಿತು, ನಾಲ್ಕೂ ಕೊರೆಯಿತು. ಬ್ರಾಕೆಟ್ಟಿನ ತೂತುಗಳು ಉದ್ದನೆಯವು, ಅತ್ತಿತ್ತ ಸರಿಸಿದರೆ ಸ್ಕ್ರೂ ಸರಿಯಾಗಿ ಕೂರುತ್ತೆ, ಕೂತೇ ಬಿಟ್ಟಿತು, ಸ್ಕ್ರೀನು ಸಿಕ್ಕಿಸಿದ, ಅವಳ ಚೌಕದ ಮೇಲೆ, ಅವಳು ಹೇಳಿದ ಜಾಗದಲ್ಲಿ, ನಿನಗೆ ಕೆಲಸ ಕಮ್ಮಿ.

ಹೆಂಗಸು ಮೂರೂವರೆಗೆ ಬಂದರು, ಬಗ್ಗಿ ನೋಡಿದರು, ತಲೆ ಒಂದು ಪಕ್ಕಕ್ಕೆ ವಾಲಿಸಿದರು, ಬೇಜಾರು ಮಾಡ್ಕೋಬೇಡಿ, ಇದು ಸ್ವಲ್ಪ ಸೊಟ್ಟ ಇದೆ ಅಲ್ವಾ. ಇಪ್ಪತ್ತು ವರ್ಷದಲ್ಲಿ ಯಾರೂ ಅವನಿಗೆ ಹೇಳದ ಮಾತು. ಆಮೇಲೆ ರಸಮಟ್ಟ ಇಟ್ಟು ಹಾಕಿದ ಪಕ್ಕದ ಸೀಟಿನದು ನೆಟ್ಟಗಿದೆ, ಅದರ ಎದುರು ಇದು ಎದ್ದು ಕಾಣುತ್ತಿದೆ, ಹೌದು ಮೇಡಂ, ತಪ್ಪಾಯ್ತು, ಹತ್ತು ನಿಮಿಷ ಕೊಡಿ, ಸೊಟ್ಟ ಅಲ್ಲ ಮೇಡಂ ಬೆಲ್ಟ್ ಹಾಕಿತ್ತು — ಅನ್ನಲಿಲ್ಲ. ಸ್ಕ್ರೂ ಬಿಚ್ಚಿದ, ರಸಮಟ್ಟ ಇಟ್ಟ, ಗುಳ್ಳೆ ನಡುವೆ ಬಂದು ನಿಂತಿತು, ಹೊಸ ನಾಲ್ಕು ತೂತು, ನೆಟ್ಟಗೆ ನಾಲ್ಕು, ಅವಳ ಚುಕ್ಕಿಗಳು ಈಗ ಬರೀ ತೂತುಗಳಾಗಿ ಬ್ರಾಕೆಟ್ಟಿನ ಹಿಂದೆ, ಸ್ಕ್ರೀನು ನೇರವಾಯಿತು. ನೇರವಾದದ್ದಕ್ಕೇ ಜಾರಿದ್ದ ಚೌಕದ ಬಲಮೂಲೆ ಕೆಳಗಿಂದ ಹೊರಗೆ ಬಂತು, ಬೆರಳಗಲ ಗೀಟು, ಪಕ್ಕದಲ್ಲಿ ಆ ಸೊನ್ನೆ. ಈಗ ಸರಿಯಾಯ್ತು ನೋಡಿ, ಅಯ್ಯೋ ಇಲ್ಲೇನೋ ಬಿಳಿಯದು ಕಾಣ್ತಿದೆ, ಅದೊಂದು ಒರೆಸಿಬಿಡಿ. ಸ್ಪಿರಿಟ್ ಬಾಟಲಿ ಮೊಣಕಾಲಿನ ಹತ್ತಿರವೇ ಇದೆ, ಬಟ್ಟೆ ಹೆಗಲ ಮೇಲೆ, ದಿನಾ ಹತ್ತು ಗುರುತು ಹಾಕಿ ಹತ್ತು ಅಳಿಸುವವನು, ಒಂದೇ ಒಂದು ಸಲ ಉಜ್ಜಿದರೆ ಇತ್ತೆಂಬ ಗುರುತೂ ಉಳಿಯುವುದಿಲ್ಲ, ಬಟ್ಟೆ ಕೈಗೆ ಬಂತು, ಬಾಟಲಿಯ ಮುಚ್ಚಳ ಬಿಚ್ಚಿತು, ಅಳಿಸಬೇಡಪ್ಪ ನಿಜವಾದದ್ದು ತರೋವರೆಗೂ — ತಂದೆನಲ್ಲ ಕಂದಾ, ತಂದೆ, ಬೇರೆಯವರ ಮಕ್ಕಳಿಗೆ ತಂದೆ. ಹೋಗಲ್ಲ ಮೇಡಂ, ಅಂದ, ಬಾಟಲಿಗೆ ಮುಚ್ಚಳ ತಿರುಗಿಸಿ ಮತ್ತೆ ಅಂದ, ಅದು ಯಾವುದರಲ್ಲೂ ಹೋಗಲ್ಲ. ಇರಲಿ ಬಿಡಿ, ಮುಂಚೆ ಯಾರೋ ಮಕ್ಕಳಿದ್ದವರ ಗಾಡಿ ಅಂತ ಕಾಣುತ್ತೆ ಅಂದರು ಹೆಂಗಸು. ಹೂಂ ಅಂದ. ಅವರು ಮುಂದೆ ಹೋಗಿ ಕೀಲಿ ತಿರುಗಿಸಿದರು, ಸ್ಕ್ರೀನು ನೀಲಿಯಾಗಿ ಬೆಳಗಿತು, ಖಾಲಿ ಬೆಳಕು, ಇನ್ನೂ ಏನೂ ಬಂದಿಲ್ಲ, ಕರೆಂಟ್ ಬಂತು ಪುಟ್ಟಾ, ನೋಡು, ಕರೆಂಟ್ ಬಂತು, ಬಾಗಿಲು ಮುಚ್ಚಬೇಕು, ಎತ್ತಿ ಎಳೆಯಬೇಕು, ಸ್ಕೂಲು ಬಿಡುವ ಹೊತ್ತು, ಹೆಬ್ಬೆರಳು ಸೊನ್ನೆಯ ಮೇಲಿದೆ, ತಣ್ಣಗಿದೆ ಪ್ಲಾಸ್ಟಿಕ್ಕು, ಬಾಯಲ್ಲೇ ಟಕ್ ಅನ್ನಬೇಕು, ಬಾಯಿ ಬರುತ್ತಿಲ್ಲ, ಬಿಳಿ ಸೊನ್ನೆ, ಕೂಡಬೇಕಾದಲ್ಲಿ ಪೂರ್ತಿ ಕೂಡದೆ ಬಿಟ್ಟ ಸೊನ್ನೆ, ಬೆಲ್ಟ್ ಹಾಕಿಕೊಂಡು ಕೈಚಾಚಿ ಬರೆದ ಸೊನ್ನೆ, ಆ ಸೊನ್ನೆ