ಷಡ್ಡಕನ ಕುದುರೆ

ಮಂಡಿನೋವಿನಿಂದ ಕಾಡಿಗೆ ಹೋಗುವುದು ನಿಂತಾಗ ಮಾವ ತಮ್ಮ ಎರಡು ಕುದುರೆಗಳನ್ನು ಇಬ್ಬರು ಅಳಿಯಂದಿರಿಗೆ ಹಂಚಿದರು. ಗಟ್ಟಿಮುಟ್ಟಾದ ಬೂದುಬಣ್ಣದ ಗಂಡುಕುದುರೆ ದೊಡ್ಡಳಿಯನಿಗೆ, ಗಿಡ್ಡನೆಯ ಕೆಂಪು ಹೆಣ್ಣುಕುದುರೆ ಚಿಕ್ಕಳಿಯನಿಗೆ. ಬೂದ, ಕೆಂಪಿ ಎಂದೇ ಅವುಗಳನ್ನು ಕರೆಯುತ್ತಿದ್ದರು. ಲಾಯ ಒಂದೇ; ನಡುವೆ ಎದೆಯೆತ್ತರದ ಹಲಗೆಯ ಗೋಡೆ. ಕಡಿದ ಮರದ ದಿಮ್ಮಿಗಳನ್ನು ಇಳಿಜಾರಿನಿಂದ ರಸ್ತೆಗೆ ಎಳೆಸಿ ತರುವುದು ಇಬ್ಬರ ಕೆಲಸ.

ಎಲೆ ಉದುರುವ ಕಾಲ ಶುರುವಾಗಿದ್ದೇ ತಡ, ಬೂದ ಮಂಕಾಯಿತು. ಬೆಳಗ್ಗೆ ಕೊರಳಪಟ್ಟಿ ಹಾಕುವಾಗ ತಲೆಯೆತ್ತುತ್ತಿರಲಿಲ್ಲ. ದಿಮ್ಮಿ ಕೆಸರಲ್ಲಿ ಹೂತರೆ ಮೊದಲಿನಂತೆ ಎದೆ ಕೊಟ್ಟು ಎಳೆಯದೆ ಸುಮ್ಮನೆ ನಿಂತುಬಿಡುತ್ತಿತ್ತು.

“ರೋಮ ಬದಲಾಗೋ ಕಾಲ, ಸೊರಗುತ್ತೆ. ಹುಲ್ಲಲ್ಲೂ ಈಗ ಸಾರ ಇರಲ್ಲ. ಕಾಳು ಸ್ವಲ್ಪ ಜಾಸ್ತಿ ಮಾಡಿ ನೋಡಿ” ಎಂದರು ಮಾವ.

ರೋಮ ಕೆಂಪಿಗೂ ಬದಲಾಗುತ್ತಿತ್ತಲ್ಲ? ಅದರ ಮೈ ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ದೊಡ್ಡಳಿಯನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅಲ್ಲಿಂದ. ಷಡ್ಡಕ ಏನೋ ಗುಟ್ಟಾಗಿ ಹಾಕುತ್ತಿದ್ದಾನೆ ಎಂದು ಅವನ ಬಕೆಟ್ಟಿನ ಮೇಲೆ ಕಣ್ಣಿಟ್ಟ. ಹಲಗೆಯ ಸಂದಿಯಿಂದ ಬೇಯಿಸಿದ ಅಗಸೆಬೀಜ ಕಂಡಿತು. ಮನೆಗೆ ಹೋಗಿ ತಾನೂ ಅಗಸೆ ಬೇಯಿಸಿದ.

“ರೀ, ಅದು ನಾವು ಸಾರು ಮಾಡೋ ಪಾತ್ರೆ” ಎಂದಳು ಹೆಂಡತಿ.

“ನಿನ್ನ ತಂಗಿ ಯಾವುದರಲ್ಲಿ ಬೇಯಿಸ್ತಾಳೆ? ಅಗಸೆ ಜೊತೆಗೆ ಇನ್ನೇನು ಸೇರಿಸ್ತಾರೆ ಅಂತ ಕೇಳ್ಕೊಂಡು ಬಾ.”

“ಅದೊಂದೇ ಸಾಕಾ? ಅವಳ ಗಂಡ ದಿನಕ್ಕೆ ಎಷ್ಟು ಸಲ ಆಕಳಿಸ್ತಾನೆ ಅಂತಲೂ ಕೇಳ್ಲಾ?”

ಕೊನೆಗೆ ಕೇಳಿಕೊಂಡು ಬಂದಳು. ಏನೂ ವಿಶೇಷವಿಲ್ಲ ಎಂದಿದ್ದಳಂತೆ ತಂಗಿ. ಅಕ್ಕತಂಗಿ ಒಂದಾದರೆ ತನಗೆಲ್ಲಿ ನಿಜ ಸಿಕ್ಕೀತು ಎಂದು ಅವನು ಕಾಳು ಇನ್ನೊಂದು ಪಟ್ಟು ಏರಿಸಿದ. ಲದ್ದಿಯಲ್ಲಿ ಕಾಳು ಇಡಿಯಾಗಿಯೇ ಬೀಳುತ್ತಿತ್ತು. ಹೊಟ್ಟೆ ತುಂಬಿ ಮಿಕ್ಕಿದ್ದಿರಬೇಕು ಎಂದುಕೊಂಡ.

ಇದಕ್ಕಿಂತ ಹೆಚ್ಚು ಉರಿಸಿದ್ದು ಚಿಕ್ಕಳಿಯನ ಪೊರಕೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಲಗೆಯ ಎರಡೂ ಕಡೆ ಗುಡಿಸಿಬಿಡುತ್ತಿದ್ದ. ಮಾವ ಬಾಗಿಲಲ್ಲಿ ನಿಂತು, “ಲಾಯ ಅಂದ್ರೆ ಹೀಗಿರ್ಬೇಕು” ಎನ್ನುತ್ತಿದ್ದರು. ಬೆಣ್ಣೆ ಹಚ್ಚಲು ಇದೂ ಒಂದು ದಾರಿ ಎಂದು ದೊಡ್ಡಳಿಯ ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಒಂದು ಮಧ್ಯಾಹ್ನ ಇಳಿಜಾರಿನ ಅರ್ಧದಲ್ಲಿ ಬೂದ ನಿಂತೇಬಿಟ್ಟಿತು. ಬೆವರು, ನಡುಕ. ಚಿಕ್ಕಳಿಯ ಬಂದು ಸರಪಳಿ ಬಿಚ್ಚಿ ಕೆಂಪಿಗೆ ಸಿಕ್ಕಿಸಿದ. “ಇರ್ಲಿ ಬಿಡಿ ಅಣ್ಣ, ಇದು ಎಳೆಯುತ್ತೆ.” ಕೆಂಪಿ ಎಳೆಯಿತು. ಗರಗಸದವನೊಬ್ಬ, “ಬೂದನ್ನ ದಿಮ್ಮಿ ಮೇಲೆ ಕೂರಿಸ್ರಪ್ಪ, ಪಾಪ, ಅದೂ ಬರ್ಲಿ” ಎಂದ. ಎಲ್ಲರೂ ನಕ್ಕರು. ದೊಡ್ಡಳಿಯ ಕುದುರೆಯ ಕಡಿವಾಣ ಹಿಡಿದು ಯಾರ ಮುಖವನ್ನೂ ನೋಡದೆ ಇಳಿದು, ಸೀದಾ ದನಕುದುರೆಗಳ ಡಾಕ್ಟರಮ್ಮನನ್ನು ಕರೆಸಿದ.

ಸಂಜೆ ಬಂದ ಡಾಕ್ಟರಮ್ಮ ಬೂದನ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಬಾಯೊಳಗೆ ಬೆಳಕು ಬಿಟ್ಟರು. ಚಿಕ್ಕಳಿಯ ನೀರಿನ ಬಕೆಟ್ ಹಿಡಿದು ನಿಂತಿದ್ದ.

“ದವಡೆ ಹಲ್ಲಿನ ಅಂಚು ಕತ್ತಿ ಥರ ಆಗಿದೆ. ಕೆನ್ನೆ ಒಳಗೆಲ್ಲ ಹುಣ್ಣು. ಪಾಪ, ಹೇಗೆ ಅಗಿಯುತ್ತೆ? ನೀವು ಎಷ್ಟು ಸುರಿದ್ರೂ ಮೈಗೆ ಹತ್ತಲ್ಲ. ಹುಲ್ಲನ್ನ ಅರ್ಧ ಅಗಿದು ಉಂಡೆ ಮಾಡಿ ಉಗುಳಿರುತ್ತಲ್ಲ, ನೆಲದ ಮೇಲೆ ನೋಡ್ಲಿಲ್ವಾ?”

“ಇಲ್ಲ. ನೆಲ ಯಾವಾಗ್ಲೂ ಚೊಕ್ಕಟವಾಗೇ ಇರ್ತಿತ್ತು...”

ದೊಡ್ಡಳಿಯ ತಿರುಗಿ ನೋಡಿದ. ಚಿಕ್ಕಳಿಯನ ಮುಖದಲ್ಲಿ ರಕ್ತವಿರಲಿಲ್ಲ.

ಡಾಕ್ಟರಮ್ಮ ಅರದಿಂದ ಹಲ್ಲು ಉಜ್ಜಿ ನಯ ಮಾಡಿದರು. ಹುಣ್ಣು ಮಾಯುವವರೆಗೆ ನೆನೆಸಿದ ಮೆತ್ತನೆಯ ಮೇವು, ಸ್ವಲ್ಪಸ್ವಲ್ಪವೇ, ಹಲವು ಸಲ. ಎಳೆತ ಬೇಡ, ಕೈಯಲ್ಲಿ ಹಿಡಿದು ನಡೆಸಿದರೆ ಸಾಕು ಎಂದು ಹೇಳಿ ಹೊರಟರು.

“ನಿಂಗೆ ಗೊತ್ತಿತ್ತು” ಎಂದ ದೊಡ್ಡಳಿಯ.

“ಹ್ಞೂಂ.”

“ದಿನಾ ಗುಡಿಸಿ ಹಾಕ್ತಿದ್ದೆ.”

“ಮೊದಮೊದಲು ಸುಮ್ಮನೆ ಗುಡಿಸ್ತಿದ್ದೆ ಅಣ್ಣ. ಆಮೇಲೆ ಉಂಡೆಗಳು ಕಂಡ್ವು. ಇವತ್ತು ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ. ನಿಮ್ಮನ್ನ ನೋಡಿದ ತಕ್ಷಣ ಬಾಯಿ ಕಟ್ಟೋದು.” ಅವನು ಬಕೆಟ್ ಕೆಳಗಿಟ್ಟ. “ಮಾವ ಬೂದನ್ನ ನಿಮಗೆ ಕೊಟ್ರು. ಉಳಿದದ್ದು ನನಗೆ. ಕೆಂಪಿ ಎಷ್ಟೇ ಎಳೆದ್ರೂ ಜನ ನೋಡ್ತಿದ್ದದ್ದು ಬೂದನ್ನೇ. ಒಂದ್ಸಲನಾದ್ರೂ ನನ್ನ ಕುದುರೆ ಮುಂದಿರ್ಲಿ ಅನ್ನಿಸ್ತು. ಪಾಪದ ಪ್ರಾಣಿ, ಅದರ ಬಾಯಿ ನೋವು ಯೋಚನೆ ಮಾಡ್ಲಿಲ್ಲ.”

ದೊಡ್ಡಳಿಯನ ಕೈ ಮುಷ್ಟಿಯಾಯಿತು. ಆದರೆ ಸಿಟ್ಟಿನ ತಳದಲ್ಲಿ ಇನ್ನೇನೋ ಸಿಹಿಯಾಗಿ ಜಿನುಗುತ್ತಿತ್ತು. ತಾನು ಸಂದಿಯಿಂದ ಇಣುಕಿ ಉರಿಯುತ್ತಿದ್ದಾಗ ಆ ಕಡೆಯೂ ಒಬ್ಬ ಉರಿಯುತ್ತಿದ್ದನೇ, ಅದೂ ತನ್ನನ್ನು ನೋಡಿ? ಕುದುರೆಯ ಕೆನ್ನೆಯ ಹುಣ್ಣಿನ ಎದುರು ಇಂಥ ಖುಷಿ ಬಂತಲ್ಲ ಎಂದು ನಾಚಿಕೆಯಾಯಿತು. ಖುಷಿ ಮಾತ್ರ ಹೋಗಲಿಲ್ಲ.

“ನಾಳೆಯಿಂದ ನನ್ನ ಕಡೆ ನಾನೇ ಗುಡಿಸ್ಕೋತೀನಿ” ಎಂದ. ಮಾವನಿಗೆ ಏನೂ ಹೇಳಲಿಲ್ಲ.

ಚಿಕ್ಕಳಿಯ ಕೇಳದೆಯೇ ದಿನಾ ಮೇವು ನೆನೆಹಾಕಿ ಇಡುತ್ತಿದ್ದ. ದೊಡ್ಡಳಿಯ ಮೊದಲು ಮೂಸಿ ನೋಡಿ, ಆಮೇಲೆ ಕುದುರೆಗೆ ಕೊಡುತ್ತಿದ್ದ. ಬರಬರುತ್ತಾ ಮೂಸುವುದು ಬಿಟ್ಟ. ಮರಗಳೆಲ್ಲ ಬೋಳಾಗುವ ಹೊತ್ತಿಗೆ ಬೂದನ ಪಕ್ಕೆ ತುಂಬಿಕೊಂಡಿತು, ಕಿವಿ ನೆಟ್ಟಗಾಯಿತು. ಒಂದು ಬೆಳಗ್ಗೆ ಇಳಿಜಾರಿನಲ್ಲಿ ದೊಡ್ಡ ದಿಮ್ಮಿಯೊಂದನ್ನು ಎಳೆಯುತ್ತಾ ಅದು ಕೆಂಪಿಯನ್ನು ದಾಟಿ ಮುಂದೆ ಹೋಯಿತು. ಷಡ್ಡಕನ ಮುಖ ಸಣ್ಣದಾದದ್ದನ್ನು ದೊಡ್ಡಳಿಯ ಕಂಡ. ಅಯ್ಯೋ ಅನ್ನಿಸಿತು. ಲಗಾಮು ಬಿಗಿಹಿಡಿದು ನಿಧಾನ ಮಾಡಬಹುದಿತ್ತು. ಮಾಡಲಿಲ್ಲ.